ಸಿ ಆಂಡ್ ಓ ಕಾಲುವೆ ದಾರಿಯಲ್ಲಿ ಕೆಸರಿಗೆ ಚಕ್ರ ಕಚ್ಚಿಕೊಂಡರೆ

ಅಮೆರಿಕದ ವಾಷಿಂಗ್ಟನ್‌ನಿಂದ ಕಂಬರ್‌ಲ್ಯಾಂಡ್‌ವರೆಗೆ ಚೆಸಪೀಕ್ ಆಂಡ್ ಒಹಾಯೊ (ಸಿ ಆಂಡ್ ಓ) ಕಾಲುವೆಯ ದಂಡೆಯಲ್ಲೇ ಸಾಗುವ ಈ 184.5 ಮೈಲಿ ಸೈಕಲ್ ದಾರಿ ಹಿಂದೆ ಹೇಸರಗತ್ತೆಗಳು ದೋಣಿ ಎಳೆದು ನಡೆದದ್ದು. ಈಗಲೂ ಬಹುಪಾಲು ಮಣ್ಣು, ಜಲ್ಲಿಪುಡಿಯದ್ದೇ. ಮಳೆ ಬಿದ್ದರೆ ಜೇಡಿ ಮಡ್‌ಗಾರ್ಡಿನೊಳಗೆ ತುಂಬಿ ಚಕ್ರ ನಿಂತುಬಿಡುತ್ತದೆ. ಮೊದಲು ಕೈಕೊಡುವುದು ಮಕ್ಕಳ ಸೈಕಲ್, ಅದರಲ್ಲಿ ಸಂದು ಕಡಿಮೆ.

ಕಡ್ಡಿಯಿಂದ ಕೆರೆಯುತ್ತ ಹೋದರೆ ಅರ್ಧ ಮೈಲಿಗೆ ಮತ್ತೆ ಅದೇ ಪಾಡು. ಸರಿಹೋದದ್ದು ಹೀಗೆ: ಮಕ್ಕಳ ಸೈಕಲ್ಲಿನ ಮಡ್‌ಗಾರ್ಡ್ ಪೂರ್ತಿ ಬಿಚ್ಚಿದೆವು. ಕೂಸು ಕೂರುವ ಟ್ರೇಲರ್ (ಹಿಂಬದಿ ಗಾಡಿ) ಎಳೆಯುವ ಸೈಕಲ್ಲಿನ ಹಿಂದಿನ ಮಡ್‌ಗಾರ್ಡನ್ನು ಮಾತ್ರ ಹಾಗೇ ಇರಗೊಡಬೇಕು, ಇಲ್ಲವಾದರೆ ಕೆಸರೆಲ್ಲ ಕೂಸಿನ ಮುಖಕ್ಕೆ. ಅದರ ಕಂಬಿ ಸಡಿಲಿಸಿ ಟೈರಿಗೂ ಅದಕ್ಕೂ 15 ಮಿ.ಮೀ. ಅಂತರ ಕೊಟ್ಟರೆ ಸಾಕು. ರಿಮ್ ಬ್ರೇಕಿನ ರಬ್ಬರಿನಲ್ಲಿ ಸಿಕ್ಕ ಮರಳನ್ನು ದಿನಾ ಸಂಜೆ ತೆಗೆಯಿರಿ, ಅದು ರಿಮ್ಮನ್ನೇ ಉಜ್ಜಿ ಸವೆಸುತ್ತದೆ. ಚೈನನ್ನು ಒರೆಸಿದ ಮೇಲೇ ಎಣ್ಣೆ, ಕೊಂಡಿಗೊಂದು ಹನಿ. ಹೆಚ್ಚಾದರೆ ಮಣ್ಣು ಹಿಡಿಯುತ್ತದೆ.

ಕೆಸರು ಮಿತಿಮೀರಿದರೆ ಹಟ ಬೇಡ. ಬಿಗ್ ಪೂಲ್‌ನಿಂದ ಹ್ಯಾನ್‌ಕಾಕ್ ಹಾದು ಲಿಟಲ್ ಓರ್ಲೀನ್ಸ್ ತನಕ ಕಾಲುವೆಯ ಪಕ್ಕದಲ್ಲೇ ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ ಟ್ರೇಲ್ (ಹಳೆಯ ರೈಲು ಹಾದಿಯ ಮೇಲಿನ ಸೈಕಲ್ ದಾರಿ) ಇದೆ, ಬಹುಪಾಲು ಟಾರು ಹಾಕಿದ್ದು. ಅದರ ಪಶ್ಚಿಮಕ್ಕೆ ಮತ್ತೆ ಮಣ್ಣು. ಕಾಲುವೆ ದಾರಿಯ ಪಾ ಪಾ ಸುರಂಗದಲ್ಲಿ (3,118 ಅಡಿ) ಹೇಗೂ ಇಳಿದು ತಳ್ಳಬೇಕು. ತಲೆಗೆ ಕಟ್ಟುವ ಟಾರ್ಚ್ ತಲೆಗೊಂದು ಇರಲಿ.