ಸರ್ವರ್‌ನಿಂದ ಇಳಿದ ಹಾರ್ಡ್ ಡಿಸ್ಕ್: ಕೊಳ್ಳುವುದು ಸುಲಭ, ನಂಬಲು ಒಂದು ವಾರ ಬೇಕು

ಕಳೆದ ವರ್ಷ ಸ್ನೇಹಿತರೊಬ್ಬರು ಎರಡು ಸೆಕೆಂಡ್ ಹ್ಯಾಂಡ್ ಹಾರ್ಡ್ ಡಿಸ್ಕ್ ಕೊಂಡರು. ಡೇಟಾ ಸೆಂಟರ್‌ನಿಂದ ಇಳಿಸಿದ 8 ಟಿಬಿ ಡಿಸ್ಕ್‌ಗಳು. ಅಂದೇ ರಾತ್ರಿ ಮನೆಯ ಸರ್ವರ್‌ಗೆ (ಮನೆಯವರ ಫೈಲುಗಳನ್ನೆಲ್ಲ ಇಟ್ಟುಕೊಂಡು ಸದಾ ಓಡುವ ಕಂಪ್ಯೂಟರ್) ಹಾಕಿ, ಹತ್ತು ವರ್ಷದ ಫೋಟೊಗಳನ್ನೆಲ್ಲ ಅದಕ್ಕೆ ತುಂಬಿದರು. ಜಾಗ ಬೇಕಿತ್ತೆಂದು ಲ್ಯಾಪ್‌ಟಾಪ್‌ನಲ್ಲಿದ್ದ ಪ್ರತಿಯನ್ನೂ ಅಳಿಸಿದರು. ಮೂರನೇ ವಾರಕ್ಕೆ ಒಂದು ಡಿಸ್ಕ್ ‘ಟಕ್ ಟಕ್’ ಎನ್ನತೊಡಗಿತು. ಮಗಳ ನಾಮಕರಣದ ವಿಡಿಯೊ ಅದರಲ್ಲೇ ಇತ್ತು.

ಇದೇ ತಪ್ಪನ್ನು ನಾನು ನಾಲ್ಕೈದು ಮನೆಗಳಲ್ಲಿ ಕಂಡಿದ್ದೇನೆ. ಬೆಲೆಗಾಗಿ ಗಂಟೆಗಟ್ಟಲೆ ಚೌಕಾಸಿ ಮಾಡುತ್ತಾರೆ, ಮನೆಗೆ ತಂದ ಮೇಲೆ ಪರೀಕ್ಷೆಗೆ ಹತ್ತು ನಿಮಿಷವನ್ನೂ ಕೊಡುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಪರೀಕ್ಷೆಯದೇ ದೊಡ್ಡ ಪಾಲು.

ಹಾಗಂತ ಈ ಡಿಸ್ಕ್‌ಗಳು ಕೆಟ್ಟ ಮಾಲು ಎಂದುಕೊಳ್ಳಬೇಡಿ. ಸೀಗೇಟ್ ಎಕ್ಸೋಸ್, ಡಬ್ಲ್ಯುಡಿ ಅಲ್ಟ್ರಾಸ್ಟಾರ್, ತೋಷಿಬಾ ಎಂಜಿ ಸರಣಿಗಳನ್ನು ಹಗಲು ರಾತ್ರಿ ಓಡಲೆಂದೇ ಮಾಡಿರುತ್ತಾರೆ. ವಾರಂಟಿ ಸಾಮಾನ್ಯವಾಗಿ 5 ವರ್ಷ. ಅದು ಮುಗಿಯುವ ಹೊತ್ತಿಗೆ ಕಂಪನಿಗಳು ಹೆಚ್ಚು ಸಾಮರ್ಥ್ಯದ ಡಿಸ್ಕ್ ಹಾಕಿ, ಜಾಗವನ್ನೂ ಕರೆಂಟನ್ನೂ ಉಳಿಸುತ್ತವೆ. ಚೆನ್ನಾಗಿ ಓಡುತ್ತಿರುವ ಹಳೇ ಡಿಸ್ಕ್‌ಗಳು ಮಾರುಕಟ್ಟೆಗೆ ಬರುವುದು ಹೀಗೆ.

1. ಪಿನ್ನು ನೋಡಿ ಕೊಳ್ಳಿ

ಸರ್ವರ್ ಡಿಸ್ಕ್‌ಗಳಲ್ಲಿ ಎರಡು ಜಾತಿ: ಸಾಟಾ ಮತ್ತು ಸ್ಯಾಸ್. ಹಿಂಬದಿಯ ಕನೆಕ್ಟರ್ ನೋಡಿದರೆ ಗೊತ್ತಾಗುತ್ತದೆ. ಸಾಟಾದಲ್ಲಿ ಒಂದು ಚಿಕ್ಕದು, ಒಂದು ಉದ್ದದ್ದು ಎಂದು ಎರಡು ಪಟ್ಟಿ, ನಡುವೆ ಖಾಲಿ ಜಾಗ. ಸ್ಯಾಸ್‌ನಲ್ಲಿ ಆ ಜಾಗ ಮುಚ್ಚಿಕೊಂಡು ಒಂದೇ ಪಟ್ಟಿಯಂತೆ ಕಾಣುತ್ತದೆ. ಮನೆಯ ಮದರ್‌ಬೋರ್ಡ್‌ಗೆ ಸ್ಯಾಸ್ ಡಿಸ್ಕ್ ಕೂರುವುದಿಲ್ಲ. ಅದಕ್ಕೆ ಬೇರೆ ಕಾರ್ಡ್ ಬೇಕು. ಆ ಕಾರ್ಡ್‌ಗೆ ಸಾಟಾ ಡಿಸ್ಕನ್ನೂ ಹಾಕಬಹುದು, ಉಲ್ಟಾ ಮಾತ್ರ ಆಗುವುದಿಲ್ಲ.

ಸ್ಯಾಸ್ ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ದೊಡ್ಡ ಸ್ಟೋರೇಜ್ ಪೆಟ್ಟಿಗೆಗಳಿಂದ ಇಳಿದ ಕೆಲವು ಸ್ಯಾಸ್ ಡಿಸ್ಕ್‌ಗಳ ಸೆಕ್ಟರ್ (ಡೇಟಾ ಬರೆಯುವ ಅತಿ ಚಿಕ್ಕ ತುಂಡು) 512ರ ಬದಲು 520 ಬೈಟ್ ಇರುತ್ತದೆ. ಕಂಪ್ಯೂಟರ್‌ಗೆ ಡಿಸ್ಕ್ ಇದೆಯೆಂದು ತಿಳಿಯುತ್ತದೆ, ಸೈಜ್ ಮಾತ್ರ ಸೊನ್ನೆ ತೋರಿಸುತ್ತದೆ. ಲಿನಕ್ಸ್‌ನ ಎಸ್‌ಜಿ-ಫಾರ್ಮ್ಯಾಟ್ ಎಂಬ ಟೂಲ್‌ನಿಂದ 512ಕ್ಕೆ ಬದಲಿಸಬಹುದು. ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟು ಹೋಗಕೂಡದು. ಮೊದಲ ಸಲ ಕೊಳ್ಳುವವರು ಸಾಟಾ ಡಿಸ್ಕನ್ನೇ ತನ್ನಿ.

ಇನ್ನೊಂದು ಎಚ್ಚರಿಕೆ. ಅಲ್ಟ್ರಾಸ್ಟಾರ್ ಎಚ್‌ಸಿ620 ಎಂಬ ಮಾದರಿ ಅಗ್ಗಕ್ಕೆ ಕಂಡರೆ ಮುಟ್ಟಬೇಡಿ. ಅದು ವಿಶೇಷ ಸಾಫ್ಟ್‌ವೇರ್ ಇರುವ ಡೇಟಾ ಸೆಂಟರ್‌ಗಳಿಗಾಗಿಯೇ ಮಾಡಿದ್ದು, ಮನೆಯ ಸಿಸ್ಟಂಗೆ ಒಗ್ಗುವುದಿಲ್ಲ. ಮಾದರಿ ಸಂಖ್ಯೆಯನ್ನು ಫೋನಿನಲ್ಲಿ ಹುಡುಕದೆ ದುಡ್ಡು ಕೊಡಲೇಬೇಡಿ.

2. ಅಂಗಡಿಯಲ್ಲಿ

ಬೆಂಗಳೂರಿನವರಾದರೆ ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಎಸ್.ಪಿ. ರೋಡಿಗೆ ಹೋಗಿ, ಕೈಯಲ್ಲಿ ಹಿಡಿದು ನೋಡಿ ತನ್ನಿ. ಆನ್‌ಲೈನ್‌ನಲ್ಲಿ ತರಿಸಿದರೆ ಡಬ್ಬ ಒಡೆಯುವುದನ್ನು ವಿಡಿಯೊ ಮಾಡಿ. ಸುಮ್ನೆ ಒಂದು ಪದರ ಪೇಪರ್ ಸುತ್ತಿ ಕಳಿಸಿದ ಡಿಸ್ಕನ್ನು ನಾನು ಹಾಗೆಯೇ ವಾಪಸ್ ಕಳಿಸುತ್ತೇನೆ. ಹೊಸದರ ಅರ್ಧ ಬೆಲೆಗಿಂತ ಜಾಸ್ತಿ ಕೊಡಬೇಡಿ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ. ಕನಿಷ್ಠ 15 ದಿನ ವಾಪಸ್ ತೆಗೆದುಕೊಳ್ಳುತ್ತೇವೆಂದು ಒಪ್ಪದ ಕಡೆ ವ್ಯವಹಾರವೇ ಬೇಡ, ಯಾಕೆಂದರೆ ಮುಂದಿನ ಪರೀಕ್ಷೆಗೇ ಒಂದು ವಾರ ಬೇಕು.

3. ಡಿಸ್ಕ್ ತಿರುಗದಿದ್ದರೆ

ಕೆಲವು ಸರ್ವರ್ ಡಿಸ್ಕ್‌ಗಳು ಮನೆಯ ಪವರ್ ಸಪ್ಲೈನಲ್ಲಿ ತಿರುಗುವುದೇ ಇಲ್ಲ. ಕೆಟ್ಟಿದೆ ಎಂದು ವಾಪಸ್ ಒಯ್ಯುವ ಮೊದಲು ಇದನ್ನು ನೋಡಿ: ಪವರ್ ಕನೆಕ್ಟರ್‌ನ ಮೂರನೇ ಪಿನ್ನಿಗೆ 3.3 ವೋಲ್ಟ್ ಬಂದರೆ ‘ಆಫ್ ಆಗಿರು’ ಎಂದು ಈ ಡಿಸ್ಕ್‌ಗಳು ತಿಳಿಯುತ್ತವೆ. ಮೊದಲ ಮೂರು ಪಿನ್ನುಗಳ ಮೇಲೆ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪಿನ ತೆಳು ಚೂರು ಅಂಟಿಸಿದರೆ ಕೆಲಸ ಆಯಿತು. ಮಾಮೂಲಿ ಸೆಲ್ಲೋ ಟೇಪ್ ಬೇಡ, ಬಿಸಿಗೆ ಜಾರುತ್ತದೆ.

ಇದಕ್ಕೆ ಅಡ್ಡದಾರಿಯೆಂದು ಮೋಲೆಕ್ಸ್‌ನಿಂದ (3.3 ವೋಲ್ಟ್ ಇಲ್ಲದ, ನಾಲ್ಕು ಪಿನ್ನಿನ ಹಳೇ ಪವರ್ ಕನೆಕ್ಟರ್) ಸಾಟಾಗೆ ಬದಲಿಸುವ ಅಗ್ಗದ ಕೇಬಲ್ ಮಾರುತ್ತಾರೆ. ತಂತಿಗಳ ಮೇಲೆ ಪ್ಲಾಸ್ಟಿಕ್ ಎರಕ ಹೊಯ್ದ ಕೇಬಲ್‌ಗಳು ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಿದ್ದಿದೆ. ಹಗಲು ರಾತ್ರಿ ಓಡುವ ಮನೆ ಸರ್ವರ್‌ನಲ್ಲಿ ಅದು ಬೇಡವೇ ಬೇಡ.

4. ಡಿಸ್ಕ್‌ನ ದಾಖಲೆ ಓದಿ

ಎಡವುವುದು ಇಲ್ಲೇ. ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದನ್ನು ‘ಸ್ಮಾರ್ಟ್’ ಎನ್ನುತ್ತಾರೆ. ಲಿನಕ್ಸ್‌ನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್, ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹಾಕಿಕೊಂಡರೆ ಕಾಣುತ್ತದೆ. ತೆರೆದ ಕೂಡಲೇ ‘ಗುಡ್’ ಅಥವಾ ‘ಪಾಸ್ಡ್’ ಎಂದು ಬರುತ್ತದೆ. ಅಂಗಡಿಯವರು ತೋರಿಸುವುದೂ ಅದನ್ನೇ. ಸ್ನೇಹಿತರ ಡಿಸ್ಕ್ ಕೂಡ ಆ ‘ಟಕ್ ಟಕ್’ ಶುರುವಾದ ದಿನವೂ ‘ಪಾಸ್ಡ್’ ಎಂದೇ ತೋರಿಸುತ್ತಿತ್ತು. ಆ ಪದವನ್ನು ಬಿಟ್ಟು ಕೆಳಗಿನ ಪಟ್ಟಿಗೆ ಹೋಗಿ.

ಪಟ್ಟಿಯಲ್ಲಿ ನಾಲ್ಕಾರು ಕಾಲಂ ಇರುತ್ತವೆ. 100, 100 ಎಂದು ಕಾಣುವ ಅಂಕಿಗಳನ್ನು ನೂರಕ್ಕೆ ನೂರು ಎಂದು ಓದಬೇಡಿ. ನೋಡಬೇಕಾದ್ದು ಕೊನೆಯ ‘ರಾ’ ಕಾಲಂ. ವಿಂಡೋಸ್‌ನ ಆ ಸಾಫ್ಟ್‌ವೇರ್ ಇದನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ಅಲ್ಲಿ 18 ಎಂದಿದ್ದರೆ ನಿಜವಾಗಿ 24. ಸೆಟ್ಟಿಂಗ್‌ನಲ್ಲಿ ಹತ್ತರ ಲೆಕ್ಕಕ್ಕೆ ಬದಲಿಸಿಕೊಂಡೇ ಓದಿ.

ಈಗ ಮೂರು ಸಾಲು ಹುಡುಕಿ: 5, 197, 198. ಕೆಟ್ಟ ಜಾಗವನ್ನು ಬಿಟ್ಟು ಡಿಸ್ಕ್ ಬೇರೆಡೆ ಬರೆದುಕೊಂಡ ಲೆಕ್ಕ 5ರಲ್ಲಿ. ಓದಲು ಹೋಗಿ ಆಗದೆ ಅನುಮಾನದಲ್ಲಿಟ್ಟ ಜಾಗಗಳು 197ರಲ್ಲಿ. ಸರಿಪಡಿಸಲಾಗದೆ ಉಳಿದವು 198ರಲ್ಲಿ. ಮೂರೂ ಸೊನ್ನೆ ಇರಬೇಕು. ‘ಎರಡೋ ಮೂರೋ ಇದ್ರೆ ಏನಾಗಲ್ಲ ಸಾರ್’ ಎಂದರೆ ಒಪ್ಪಬೇಡಿ. ಆಗಲೇ ಕಾಣಿಸಿಕೊಂಡ ಬಿರುಕಿಗೆ ನಾವು ಯಾಕೆ ದುಡ್ಡು ಕೊಡಬೇಕು?

199ರಲ್ಲಿ ಅಂಕಿ ಇದ್ದರೆ ಗಾಬರಿ ಬೇಡ. ಅದು ಸಾಮಾನ್ಯವಾಗಿ ಕೇಬಲ್ಲಿನ ದೋಷ. ಕೇಬಲ್ ಬದಲಿಸಿ, ಅಂಕಿ ಮುಂದೆ ಏರದಿದ್ದರೆ ಸಾಕು. ಸೀಗೇಟ್ ಡಿಸ್ಕ್‌ಗಳಲ್ಲಿ 1 ಮತ್ತು 7ನೇ ಸಾಲುಗಳಲ್ಲಿ ಕೋಟಿಗಟ್ಟಲೆ ಅಂಕಿ ಕಾಣುತ್ತದೆ. ಅದೂ ಸಹಜವೇ, ಆ ಕಂಪನಿ ಲೆಕ್ಕ ಬರೆಯುವ ರೀತಿ ಹಾಗೆ. ಇದನ್ನು ನೋಡಿ ಒಳ್ಳೇ ಡಿಸ್ಕನ್ನು ವಾಪಸ್ ಕೊಟ್ಟವರಿದ್ದಾರೆ. ಹೀಲಿಯಂ ತುಂಬಿದ ಅಲ್ಟ್ರಾಸ್ಟಾರ್ ಆದರೆ 22ನೇ ಸಾಲು 100 ಇರಬೇಕು. ಇಳಿದಿದ್ದರೆ ಅನಿಲ ಸೋರುತ್ತಿದೆ ಎಂದರ್ಥ.

ಆಮೇಲೆ 9ನೇ ಸಾಲು, ಓಡಿದ ಗಂಟೆ. ವರ್ಷಕ್ಕೆ 8,760 ಗಂಟೆ, ಐದು ವರ್ಷಕ್ಕೆ 43,800. ನಾನು 45,000ದವರೆಗೆ ಒಪ್ಪುತ್ತೇನೆ. ಪಕ್ಕದಲ್ಲೇ ಎಷ್ಟು ಸಲ ಆನ್ ಆಗಿದೆ ಎಂಬ ಲೆಕ್ಕವೂ ಇರುತ್ತದೆ. ಸರ್ವರ್‌ನಲ್ಲಿದ್ದ ಡಿಸ್ಕ್ ನಾಲ್ಕು ವರ್ಷದಲ್ಲಿ ಕೆಲವು ಡಜನ್ ಸಲ ಆನ್ ಆಗಿದ್ದರೆ ಜಾಸ್ತಿ. ಸಾವಿರಗಟ್ಟಲೆ ಇದ್ದರೆ ಅದು ಬೇರೆಲ್ಲೋ ಇದ್ದ ಡಿಸ್ಕ್.

ಗಂಟೆ ಸೊನ್ನೆ ಇದ್ದರೆ ಖುಷಿಪಡುವ ಮೊದಲು ಲೇಬಲ್ ಮೇಲಿನ ತಯಾರಿಕೆ ದಿನಾಂಕ ನೋಡಿ. 2019ರ ಡಿಸ್ಕ್ ಸೊನ್ನೆ ಗಂಟೆ ಓಡಿದೆ ಎಂದರೆ ನಂಬಲು ಆಗುತ್ತಾ? ಪಕ್ಕದ ಸ್ಕ್ರೂ ತೂತುಗಳ ಸುತ್ತ ಬೆರಳಾಡಿಸಿ. ಟ್ರೇಗೆ ಬಿಗಿದಿದ್ದ ಡಿಸ್ಕ್ ಆದರೆ ಅಲ್ಲಿ ಉಜ್ಜಿದ ಗುರುತು ಉಳಿದಿರುತ್ತದೆ. 2025ರ ಆರಂಭದಲ್ಲಿ ಜರ್ಮನಿಯಲ್ಲಿ ಹೊಸದೆಂದು ಮಾರಿದ ಸೀಗೇಟ್ ಡಿಸ್ಕ್‌ಗಳು ಸಾವಿರಾರು ಗಂಟೆ ಓಡಿದ್ದವು ಎಂಬುದು ಬಯಲಾಯಿತು. ಚಿಯಾ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆಯಲ್ಲಿ ಸವೆದವು ಎಂಬ ಅನುಮಾನ. ಸ್ಮಾರ್ಟ್ ಲೆಕ್ಕ ಅಳಿಸಿದ್ದರೂ ಸೀಗೇಟ್‌ನವರದೇ ‘ಫಾರ್ಮ್’ ಎಂಬ ಇನ್ನೊಂದು ದಾಖಲೆ ನಿಜ ಹೇಳಿತು. ಸ್ಮಾರ್ಟ್‌ಮಾನ್‌ಟೂಲ್ಸ್ 7.4 ಅಥವಾ ಅದರ ಮುಂದಿನ ಆವೃತ್ತಿಯಲ್ಲಿ ಅದನ್ನು ಓದಬಹುದು. ಸೀಗೇಟ್ ಕೊಂಡರೆ ಎರಡೂ ಲೆಕ್ಕಗಳು ತಾಳೆಯಾಗುತ್ತವಾ ಎಂದು ತಪ್ಪದೆ ನೋಡಿ.

ಈ ಅಂಕಿಗಳನ್ನೆಲ್ಲ ಬರೆದಿಟ್ಟುಕೊಳ್ಳಿ ಅಥವಾ ಫೋಟೊ ತೆಗೆದಿಡಿ.

5. ಪೂರ್ತಿ ಬರೆದು, ಪೂರ್ತಿ ಓದಿ

ಓದಲು ಯತ್ನಿಸದ ಜಾಗ ಕೆಟ್ಟಿದ್ದರೆ ಡಿಸ್ಕ್‌ಗೂ ಗೊತ್ತಿರುವುದಿಲ್ಲ. ಆದ್ದರಿಂದ ಅಂಕಿಗಳು ಸೊನ್ನೆ ಇದ್ದರೂ ಸಾಲದು. ಇಡೀ ಡಿಸ್ಕನ್ನು ತುಂಬಿ ಓದಿಸಬೇಕು. ಕ್ವಿಕ್ ಫಾರ್ಮ್ಯಾಟ್ ಇದಕ್ಕೆ ಉಪಯೋಗವಿಲ್ಲ, ಅದು ಡಿಸ್ಕ್‌ನ ಬಹುಪಾಲನ್ನು ಮುಟ್ಟುವುದೇ ಇಲ್ಲ.

ನನ್ನ ಆಯ್ಕೆ ಲಿನಕ್ಸ್‌ನ ಬ್ಯಾಡ್‌ಬ್ಲಾಕ್ಸ್ ಎಂಬ ಟೂಲ್. ಅದರ ಬರೆಯುವ ಪರೀಕ್ಷೆ ನಾಲ್ಕು ಬೇರೆ ಬೇರೆ ಅಂಕಿ ವಿನ್ಯಾಸಗಳನ್ನು ಒಂದೊಂದಾಗಿ ಡಿಸ್ಕ್ ತುಂಬ ಬರೆದು, ಪ್ರತಿಯೊಂದನ್ನೂ ವಾಪಸ್ ಓದುತ್ತದೆ. ಅಂದರೆ ಡಿಸ್ಕ್ ಮೇಲೆ ಎಂಟು ಸುತ್ತು. 8 ಟಿಬಿ ಡಿಸ್ಕ್‌ಗೆ ಒಂದು ಸುತ್ತು ಸುಮಾರು 12 ಗಂಟೆ, ಒಟ್ಟು ನಾಲ್ಕು ದಿನ. ಬ್ಲಾಕ್ ಸೈಜ್ (ಪರೀಕ್ಷೆಗೆ ಡಿಸ್ಕನ್ನು ಎಣಿಸುವ ತುಂಡಿನ ಅಳತೆ) 4096 ಎಂದು ಕೊಡಿ, ಇಲ್ಲದಿದ್ದರೆ ದೊಡ್ಡ ಡಿಸ್ಕ್‌ಗಳಲ್ಲಿ ಅದು ಶುರುವೇ ಆಗುವುದಿಲ್ಲ. 16 ಟಿಬಿ ದಾಟಿದರೆ 8192 ಬೇಕು.

ಈ ಪರೀಕ್ಷೆ ಡಿಸ್ಕ್‌ನಲ್ಲಿರುವುದನ್ನೆಲ್ಲ ಅಳಿಸುತ್ತದೆ. ತಪ್ಪು ಡಿಸ್ಕ್ ಹೆಸರು ಕೊಟ್ಟು ಮನೆಯ ಫೋಟೊಗಳನ್ನೇ ಕಳೆದುಕೊಂಡವರನ್ನು ಬಲ್ಲೆ. ಬೇರೆ ಕಂಪ್ಯೂಟರ್‌ನಲ್ಲಿ, ಉಳಿದ ಡೇಟಾ ಡಿಸ್ಕ್‌ಗಳ ಕೇಬಲ್ ಬಿಚ್ಚಿ, ಸೀರಿಯಲ್ ನಂಬರ್ ತಾಳೆ ನೋಡಿಯೇ ಶುರು ಮಾಡಿ. ಡಿಸ್ಕನ್ನು ಹೊರಗಿನಿಂದ ಜೋಡಿಸುವ ಯುಎಸ್‌ಬಿ ಡಾಕ್‌ನಲ್ಲಿ ಮಾಡಬೇಡಿ. ಅಗ್ಗದ ಡಾಕ್‌ಗಳು ಎರಡನೇ ದಿನಕ್ಕೇ ಬಿಸಿಯಾಗಿ ಕೈಕೊಡುತ್ತವೆ, ಡಿಸ್ಕ್ ಕೆಟ್ಟಿದೆಯೆಂದು ನಿಮಗೆ ಅನಿಸುತ್ತದೆ. ಡಿಸ್ಕ್ ಎದುರು ಒಂದು ಫ್ಯಾನ್ ಇಡಿ. ಶಾಖ 45 ಡಿಗ್ರಿ ದಾಟಬಾರದು.

ಮುಗಿದ ಮೇಲೆ ಸ್ಮಾರ್ಟ್‌ನ ಲಾಂಗ್ ಟೆಸ್ಟ್ (ಡಿಸ್ಕ್ ತನ್ನನ್ನು ತಾನೇ ಪೂರ್ತಿ ಓದಿಕೊಳ್ಳುವ ಪರೀಕ್ಷೆ) ಒಂದು ಓಡಿಸಿ. ನಂತರ ಬರೆದಿಟ್ಟ ಅಂಕಿಗಳ ಪಕ್ಕ ಹೊಸ ಅಂಕಿ ಬರೆಯಿರಿ. 5, 197, 198ರಲ್ಲಿ ಒಂದೇ ಒಂದು ಏರಿದ್ದರೂ ಡಿಸ್ಕ್ ವಾಪಸ್. ಸ್ನೇಹಿತರ ಉಳಿದ ಡಿಸ್ಕನ್ನು ನನ್ನ ಮೇಜಿನ ಮೇಲೆ ಹೀಗೇ ಓಡಿಸಿದೆವು. ಮೂರೂ ಸಾಲು ಸೊನ್ನೆಯಲ್ಲೇ ನಿಂತವು. ಅದು ಇವತ್ತಿಗೂ ಓಡುತ್ತಿದೆ.

6. ಸರ್ವರ್‌ಗೆ ಹಾಕುವಾಗ

ಒಂದೇ ಲಾಟಿನ ಡಿಸ್ಕ್‌ಗಳನ್ನೇ ಎಲ್ಲ ಕಡೆ ತುಂಬಬೇಡಿ, ಒಟ್ಟಿಗೇ ಕೈಕೊಡಬಹುದು. ಹಲವು ಡಿಸ್ಕ್‌ಗಳನ್ನು ಒಂದಾಗಿ ಓಡಿಸುವ ವ್ಯವಸ್ಥೆಗೆ ರೇಡ್ ಎನ್ನುತ್ತಾರೆ. ನಾಲ್ಕಕ್ಕಿಂತ ಜಾಸ್ತಿ ಡಿಸ್ಕ್ ಇದ್ದರೆ, ಎರಡು ಕೆಟ್ಟರೂ ಡೇಟಾ ಉಳಿಯುವ ರೇಡ್ 6 ಅಥವಾ (ಝಡ್‌ಎಫ್‌ಎಸ್ ಬಳಸುವವರಾದರೆ) ರೇಡ್-ಝಡ್2 ಇಟ್ಟುಕೊಳ್ಳಿ. ಪರೀಕ್ಷೆ ಮುಗಿದ ಒಂದು ಡಿಸ್ಕ್ ಕಪಾಟಿನಲ್ಲಿರಲಿ. ಯುಪಿಎಸ್ ಬೇಕೇ ಬೇಕು. ರೇಡ್ ಇದೆಯೆಂದು ಬೇರೆ ಪ್ರತಿಗಳನ್ನು ಅಳಿಸಬೇಡಿ, ಲ್ಯಾಪ್‌ಟಾಪ್‌ನಲ್ಲಿರುವುದು ಅಲ್ಲೇ ಇರಲಿ.

ಒಳಗೆ ಕೂರಿಸುವ ಮೊದಲು ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು ದಪ್ಪಗೆ ಬರೆದು, ಹೊರಗೆ ಕಾಣುವ ಅಂಚಿಗೆ ಅಂಟಿಸಿ. ಒಂದು ಡಿಸ್ಕ್ ಕೆಟ್ಟ ರಾತ್ರಿ ಗಡಿಬಿಡಿಯಲ್ಲಿ ಪಕ್ಕದ ಒಳ್ಳೇ ಡಿಸ್ಕನ್ನು ಎಳೆದು ಇಡೀ ರೇಡ್ ಕಳೆದುಕೊಂಡ ಮನೆಯನ್ನೂ ನೋಡಿದ್ದೇನೆ. ಅಲ್ಲಿ ಯಾವ ಡಿಸ್ಕ್‌ಗೂ ಚೀಟಿ ಇರಲಿಲ್ಲ.