ಸರ್ಕ್ಯೂಟ್ ಸಿಮ್ಯುಲೇಶನ್ ಕಲಿಯೋದು ಹೇಗೆ: ಮೊದಲು ಪೇಪರ್, ಆಮೇಲೆ ರನ್

ಸಿಮ್ಯುಲೇಶನ್, ಅಂದ್ರೆ ಸರ್ಕ್ಯೂಟನ್ನ ಕಟ್ಟೋಕೆ ಮುಂಚೆ ಕಂಪ್ಯೂಟರಲ್ಲೇ ಓಡ್ಸಿ ನೋಡೋದು, ಅದನ್ನ ಕಲಿಯೋಕೆ ಕೂತೋರು ಸುಮಾರು ಜನ ಮೊದಲ ದಿನಾನೇ ನೆಟ್ಟಲ್ಲಿ ಸಿಕ್ಕಿದ ದೊಡ್ಡ ಆಂಪ್ಲಿಫೈಯರ್ ಸರ್ಕ್ಯೂಟ್ ಎತ್ತಿ ಹಾಕ್ತಾರೆ, ರನ್ ಒತ್ತುತ್ತಾರೆ, ಬಂದ ಗ್ರಾಫ್ ಸರಿನಾ ತಪ್ಪಾ ಗೊತ್ತಾಗದೆ ಅಲ್ಲಿಗೇ ಕೈಬಿಡ್ತಾರೆ. ಒಂದು ರೆಸಿಸ್ಟರ್, ಒಂದು ಕೆಪಾಸಿಟರ್, ಅಷ್ಟರಿಂದ ಶುರು ಮಾಡಿ ಸಾಕು.

ಸಾಫ್ಟ್‌ವೇರ್ ಎಲ್‌ಟಿಸ್ಪೈಸ್ ಇರಲಿ. ಫ್ರೀ, ಮತ್ತೆ 1970ರ ದಶಕದಲ್ಲಿ ಬರ್ಕ್ಲಿ ಯೂನಿವರ್ಸಿಟೀಲಿ ಹುಟ್ಟಿದ ಸ್ಪೈಸ್ ಅನ್ನೋ ಸರ್ಕ್ಯೂಟ್ ಲೆಕ್ಕದ ಪದ್ಧತೀನೇ ಇದರಲ್ಲೂ ಇರೋದ್ರಿಂದ ಇಲ್ಲಿ ಕಲಿತಿದ್ದು ಬೇರೆ ಕಡೇನೂ ನಡೆಯತ್ತೆ. ದುಡ್ಡಿನ ಸಾಫ್ಟ್‌ವೇರ್‌ದು ಕ್ರ್ಯಾಕ್ ಕಾಪಿ ಹುಡುಕಬೇಡಿ, ವೈರಸ್ ತರೋ ಕೆಲಸ ಅದು.

ಪಲ್ಸ್ ಸೋರ್ಸ್ (ವೋಲ್ಟೇಜನ್ನ ಆನ್-ಆಫ್ ಮಾಡ್ತಾ ಇರೋದು), ಅದರ ಮುಂದೆ 1 ಕಿಲೋ ಓಮ್ ರೆಸಿಸ್ಟರ್, ಆಮೇಲೆ 1 ಮೈಕ್ರೋ ಫ್ಯಾರಡ್ ಕೆಪಾಸಿಟರ್ ಗ್ರೌಂಡಿಗೆ. ಬರೆಯೋದು ಇಷ್ಟೇ.

ಜನ ಎಡವೋದು ಇನ್ಮೇಲೆ. ಮೊದಲನೇದು ಗ್ರೌಂಡ್. ಎಲ್ಲಾ ವೋಲ್ಟೇಜನ್ನೂ ಅಳೆಯೋದೇ ಆ ಸೊನ್ನೆ ನೋಡ್‌ನಿಂದ (ನೋಡ್ ಅಂದ್ರೆ ವೈರ್‌ಗಳು ಸೇರೋ ಜಾಗ), ಅದನ್ನ ಹಾಕದೆ ಬಿಟ್ರೆ ಲೆಕ್ಕಕ್ಕೆ ಬುಡಾನೇ ಇರಲ್ಲ. ಎರಡು ಕೆಪಾಸಿಟರ್ ಸೀರೀಸಲ್ಲಿ ಹಾಕಿ ನಡುವಿನ ನೋಡಿಗೆ ಡಿಸಿ (ಒಂದೇ ದಿಕ್ಕಲ್ಲಿ ಹರಿಯೋ ಕರೆಂಟ್) ದಾರಿ ಕೊಡದೆ ಇದ್ರೂ ಕೆಲವು ಸಿಮ್ಯುಲೇಟರ್ ಸಿಂಗ್ಯುಲರ್ ಮ್ಯಾಟ್ರಿಕ್ಸ್, ಅಂದ್ರೆ ಲೆಕ್ಕಕ್ಕೆ ಒಂದೇ ಉತ್ತರ ಸಿಗ್ತಿಲ್ಲ, ಅಂತ ನಿಂತುಬಿಡತ್ತೆ, ಅಲ್ಲಿಂದ ಗ್ರೌಂಡಿಗೆ ತುಂಬಾ ದೊಡ್ಡ ರೆಸಿಸ್ಟರ್ ಒಂದು ಕೊಡಿ. ಎರಡನೇದು ಇನ್ನೂ ಮೋಸದ್ದು, ಯೂನಿಟ್. ಸ್ಪೈಸಲ್ಲಿ ಎಂ ಅಂದ್ರೆ ಮಿಲಿ, ಅಕ್ಷರ ದೊಡ್ಡದು ಬರೆದ್ರೂ ಚಿಕ್ಕದು ಬರೆದ್ರೂ ಅದೇ. ಮೆಗಾ ಬೇಕಾದ್ರೆ ಮೆಗ್ ಅಂತ ಮೂರಕ್ಷರ ಟೈಪ್ ಮಾಡ್ಬೇಕು, ಇಲ್ಲಾಂದ್ರೆ 1 ಮೆಗಾ ಓಮ್ ಹಾಕ್ದೆ ಅಂದ್ಕೊಂಡಿರೋರು 1 ಮಿಲಿ ಓಮ್ ಹಾಕಿರ್ತಾರೆ, ಎರರ್ ಕೂಡ ಬರಲ್ಲ, ಗ್ರಾಫ್ ಆರಾಮಾಗಿ ಬರತ್ತೆ. ಹಾಗೇ ಕೆಪಾಸಿಟರ್‌ಗೆ 1 ಎಫ್ ಅಂತ ಬರೆದ್ರೆ ಅದು ಫ್ಯಾರಡ್ ಅಲ್ಲ, ಫೆಮ್ಟೋ ಫ್ಯಾರಡ್.

ಇದನ್ನ ಹಿಡಿಯೋಕೆ ದಾರಿ ಒಂದೇ, ರನ್ ಒತ್ತೋಕೆ ಮುಂಚೆ ಉತ್ತರ ಪೇಪರಲ್ಲಿ ಬರೆದಿಟ್ಕೊಳ್ಳಿ. ನಮ್ಮ ಸರ್ಕ್ಯೂಟಲ್ಲಿ ಆರ್ ಇಂಟು ಸಿ 1 ಮಿಲಿಸೆಕೆಂಡ್, ಅಂದ್ರೆ 5 ವೋಲ್ಟ್ ಪಲ್ಸ್ ಏರಿದ 1 ಮಿಲಿಸೆಕೆಂಡಿಗೆ ಕೆಪಾಸಿಟರ್ ಮೇಲೆ 63% ಇರ್ಬೇಕು, ಹತ್ರ ಹತ್ರ 3.16 ವೋಲ್ಟ್. ಪಲ್ಸ್ 5 ಮಿಲಿಸೆಕೆಂಡ್ ಆನ್, ಪೀರಿಯಡ್ 10 ಮಿಲಿಸೆಕೆಂಡ್, ಟ್ರಾನ್ಸಿಯೆಂಟ್ (ಸಮಯದ ಜೊತೆ ವೋಲ್ಟೇಜ್ ಹೇಗೆ ಬದಲಾಗತ್ತೆ ಅಂತ ತೋರ್ಸೋ ಅನಾಲಿಸಿಸ್) 30 ಮಿಲಿಸೆಕೆಂಡ್ ಓಡ್ಸಿ. ರೈಸ್ ಟೈಮ್, ಅಂದ್ರೆ ಪಲ್ಸ್ ಮೇಲೇರೋಕೆ ತಗೊಳ್ಳೋ ಸಮಯ, ಸೊನ್ನೆ ಕೊಡ್ಬೇಡಿ, ಸಿಮ್ಯುಲೇಟರ್ ತನಗೆ ತೋಚಿದ ಬೆಲೆ ತಗೊಳ್ಳತ್ತೆ, 1 ಮೈಕ್ರೋಸೆಕೆಂಡ್ ಕೊಡಿ. ಕರ್ಸರ್ ಇಟ್ಟು ನೋಡಿ, 3.16 ಬರದಿದ್ರೆ ಮುಂದಕ್ಕೆ ಹೋಗ್ಬೇಡಿ, ತಪ್ಪು ಹುಡುಕಿ.

ಆಮೇಲೆ ಎಸಿ ಅನಾಲಿಸಿಸ್, ಅಂದ್ರೆ ಬೇರೆ ಬೇರೆ ಫ್ರೀಕ್ವೆನ್ಸಿಲಿ ಔಟ್‌ಪುಟ್ ಎಷ್ಟು ಬರತ್ತೆ ಅಂತ ನೋಡೋದು. ಸೋರ್ಸಲ್ಲಿ ಎಸಿ ಆಂಪ್ಲಿಟ್ಯೂಡ್ 1 ಅಂತ ಬೇರೆಯಾಗೇ ತುಂಬ್ಬೇಕು, 159 ಹರ್ಟ್ಜ್ ಹತ್ರ ಮೈನಸ್ 3 ಡಿಬಿ, ಅಂದ್ರೆ ಇನ್‌ಪುಟ್ ವೋಲ್ಟೇಜ್‌ನ ಸುಮಾರು 71%, ಸಿಗತ್ತೆ. ಈ ಅನಾಲಿಸಿಸ್ ಸರ್ಕ್ಯೂಟನ್ನ ಲೀನಿಯರ್ (ಇನ್‌ಪುಟ್ ಎರಡರಷ್ಟಾದ್ರೆ ಔಟ್‌ಪುಟ್ಟೂ ಎರಡರಷ್ಟು) ಅಂತಲೇ ಹಿಡ್ಕೊಳ್ಳತ್ತೆ, ಹಾಗಾಗಿ ಆಂಪ್ಲಿಫೈಯರ್ ಕ್ಲಿಪ್ ಆಗೋದು (ಅಲೆಯ ತುದಿ ಕತ್ತರಿಸಿದ ಹಾಗೆ ಚಪ್ಪಟೆ ಆಗೋದು) ಇಲ್ಲಿ ಕಾಣಲ್ಲ, ಅದಕ್ಕೆ ಟ್ರಾನ್ಸಿಯೆಂಟೇ ಬೇಕು.

ಇನ್ನೊಂದು, ಸಿಮ್ಯುಲೇಟರಲ್ಲಿ ಯಾವ ರೆಸಿಸ್ಟರೂ ಸುಡಲ್ಲ. ಕಾಲು ವಾಟ್‌ದರ ಮೇಲೆ 10 ವಾಟ್ ಹೋದ್ರೂ ಸುಮ್ಮನಿರತ್ತೆ. ಬೋರ್ಡ್ ಮೇಲೆ ಕಟ್ಟೋಕೆ ಮುಂಚೆ ವಿಂಡೋಸಲ್ಲಿ ಆಲ್ಟ್ ಒತ್ತಿ ಹಿಡಿದು ಪ್ರತಿ ರೆಸಿಸ್ಟರ್ ಮೇಲೂ ಕ್ಲಿಕ್ ಮಾಡಿ ಪವರ್ ನೋಡ್ಕೊಳ್ಳಿ, ರೇಟಿಂಗ್‌ನ ಅರ್ಧ ದಾಟಿದ್ರೆ ದೊಡ್ಡ ವಾಟ್‌ದು ಹಾಕಿ.