ಡಾಂಗಲ್ ಇಲ್ಲದ ಮೋಡೆಮ್ ಕಾರ್ಡನ್ನ ಓಡ್ಸೋದು ಹೆಂಗೆ

ಗುಜರೀಲಿ ಹಳೇ ಲ್ಯಾಪ್‌ಟಾಪ್ ತಗೊಂಡ್ರೆ ಪಕ್ಕದ ಸ್ಲಾಟಲ್ಲಿ ಒಂದೊಂದ್ಸಲ ಪಿಸಿಎಂಸಿಐಎ ಮೋಡೆಮ್ ಕಾರ್ಡು (ಲ್ಯಾಪ್‌ಟಾಪನ್ನ ಫೋನ್ ಲೈನಿಗೆ ಸೇರಿಸೋದು) ಹಂಗೇ ಸಿಕ್ಕಾಕೊಂಡಿರುತ್ತೆ, ಎಟಿಎಂ ಕಾರ್ಡಿನ ಅಗಲ, 5 ಮಿಲಿಮೀಟರ್ ದಪ್ಪ, ಒಂದು ತುದಿಗೆ 68 ತೂತು, ಇನ್ನೊಂದು ತುದಿಗೆ ಚಪ್ಪಟೆ ಕನೆಕ್ಟರ್. ಆ ಚಪ್ಪಟೆ ಕಡೆಗೆ ಹಾಕೋ ಡಾಂಗಲ್, ಅಂದ್ರೆ ಕಾರ್ಡಿಂದ ಫೋನ್ ವೈರಿಗೆ ಹೋಗೋ ಗಿಡ್ಡ ವೈರು, ಅದು ಮಾತ್ರ ಎಂದೂ ಜೊತೆಗೆ ಬರಲ್ಲ. ನಂಗೆ ದಾವಣಗೆರೇಲಿ ಸಿಕ್ಕಿದ್ದೂ ಹಂಗೇ, ಅಂಗಡಿಯವನು "ವೈರೆಲ್ಲಾ ತಾಮ್ರಕ್ಕೆ ಹೋತು ಸಾರ್" ಅಂದ.

ಮೊದ್ಲು ಒಂದು ಎಚ್ಚರಿಕೆ. ಬೇರೆ ಕಂಪನಿ ಡಾಂಗಲ್ ಕೂರುತ್ತೆ ಅಂತ ಹಾಕಬೇಡ್ರಿ, ಕನೆಕ್ಟರ್ ಒಂದೇ ತರ ಕಂಡ್ರೂ ಪಿನ್ ಲೆಕ್ಕ ಕಂಪನಿಗೊಂದು, ಮೋಡೆಮ್ಮೂ ಲ್ಯಾನೂ ಎರಡೂ ಇರೋ ಕಾರ್ಡಾದ್ರೆ ಫೋನ್ ಲೈನಿನ ಕರೆಂಟು ನೆಟ್‌ವರ್ಕ್ ಕಡೆ ನುಗ್ಗಿ ಕಾರ್ಡೇ ಹೋಗುತ್ತೆ. ಎಳೆದ್ರೆ ಆಚೆ ಬರೋ ಎಕ್ಸ್‌ಜ್ಯಾಕ್ ಇರೋ ಕಾರ್ಡಾದ್ರೆ ನಿಮಗೆ ಈ ತಲೆಬಿಸೀನೇ ಇಲ್ಲ, ಮಾಮೂಲಿ ಫೋನ್ ವೈರ್ ನೇರ ಚುಚ್ಚಿ.

ಹೆಚ್ಚಿನ ಕಾರ್ಡಲ್ಲಿ ಡಾಂಗಲ್ ಅಂದ್ರೆ ಬರೀ ಎರಡು ವೈರು ಕಣ್ರಿ. ಆ ಎರಡು ಎಲ್ಲಿಗೆ ಹೋಗ್ತವೆ ಅಂತ ಹುಡುಕೋದೇ ಇಡೀ ಕೆಲಸ. ಕಾರ್ಡಿನ ಅಂಚಲ್ಲಿ ಬ್ಲೇಡ್ ತುದಿ ಇಟ್ಟು ತಗಡನ್ನ ನಿಧಾನಕ್ಕೆ ಎಬ್ಬಿಸ್ರಿ, ಅವಸರ ಮಾಡಿದ್ರೆ ಮಂಡಕ್ಕಿ ಚೀಲದ ಬಾಯಿ ತರ ಸುಕ್ಕಾಗಿ ಆಮೇಲೆ ಸ್ಲಾಟಿಗೆ ಹೋಗಲ್ಲ, ನನ್ನದು ಒಂದು ಮೂಲೆ ಈಗ್ಲೂ ಡೊಂಕು. ಒಳಗೆ ಕನೆಕ್ಟರ್ ಹತ್ರ ನೋಡಿ, ಚಪ್ಪಟೆ ಟ್ರಾನ್ಸ್‌ಫಾರ್ಮರ್ ಇಲ್ಲಾ ಆಪ್ಟೋಕಪ್ಲರ್ (ಬೆಳಕಿಂದ ಸಿಗ್ನಲ್ ದಾಟಿಸೋ ಚಿಪ್ಪು), ನಾಲ್ಕು ಕಾಲಿನ ಬ್ರಿಡ್ಜ್ ರೆಕ್ಟಿಫೈಯರ್ (ಪ್ಲಸ್-ಮೈನಸ್ ಹೆಂಗೆ ಬಂದ್ರೂ ಸರಿ ಮಾಡೋದು) ಕಂಡ್ರೆ ಫೋನ್ ಲೈನಿನ ಸರ್ಕ್ಯೂಟು ಕಾರ್ಡೊಳಗೇ ಐತೆ, ಒಳ್ಳೇದಾಯ್ತು. ಅವ್ಯಾವೂ ಇಲ್ಲದೆ ಬರೀ ದೊಡ್ಡ ಚಿಪ್ಪುಗಳಿದ್ರೆ ಆ ಸರ್ಕ್ಯೂಟು ಡಾಂಗಲ್ ಒಳಗೇ ಇತ್ತು ಅಂತ ಅರ್ಥ, ಅದಕ್ಕೆ ಎರಡು ವೈರ್ ಕಟ್ಟಿದ್ರೆ ಸುಟ್ಟು ಹೋಗುತ್ತೆ, ಅಲ್ಲಿಗೇ ಕೈ ಬಿಡಿ.

ಮಲ್ಟಿಮೀಟರ್ ಬೀಪ್ ಮೋಡಿಗೆ ಹಾಕ್ರಿ, ಮುಟ್ಟಿಸಿದ ಎರಡು ಜಾಗ ಒಳಗೆ ಸೇರಿದ್ರೆ ಅದು ಕೂಗುತ್ತೆ. ನೇರ ಬ್ರಿಡ್ಜ್‌ನಿಂದ ಹಿಡಿದ್ರೆ ಮೋಸ ಹೋಗ್ತೀರಿ, ಯಾಕಂದ್ರೆ ರಿಸೀವರ್ ಎತ್ತೋ ಕೆಲಸ ಮಾಡೋ ರಿಲೇ ಕೆಲವು ಕಾರ್ಡಲ್ಲಿ ಮಧ್ಯೆ ಇರುತ್ತೆ, ಕರೆಂಟ್ ಇಲ್ಲದಾಗ ಅದು ತೆರೆದೇ ಇರೋದ್ರಿಂದ ಬೀಪ್ ಬರಲ್ಲ, ನಾನು ಇದ್ರಲ್ಲೇ ಒಂದು ಸಂಜೆ ಕಳೆದೆ. ಬದಲಿಗೆ ಸಿಡಿಲು-ಸರ್ಜ್ ತಡೆಯೋ ಪಾರ್ಟ್ ಹುಡುಕಿ, ಅದು ಲೈನಿನ ಎರಡು ವೈರಿನ ಮಧ್ಯೆ, ಎಲ್ಲಕ್ಕಿಂತ ಮುಂದೆ ಇರುತ್ತೆ. ಅದರ ಎರಡು ತುದಿಯಿಂದ ಕನೆಕ್ಟರಿನ ಎರಡು ಪಿನ್ನಿಗೆ ಬೀಪ್ ಬಂತಾ, ಅವೇ ಬೇಕಾದವು. ನಡುವೆ ಫ್ಯೂಸ್ ಇದ್ರೆ ಅದು ಹೋಗಿದೆಯಾ ಅಂತಾನೂ ನೋಡ್ಕಳ್ರಿ.

ಕನೆಕ್ಟರ್ ಪಿನ್ನಿಗೆ ಸೋಲ್ಡರ್ ಮಾಡೋಕೆ ಹೋಗಬೇಡಿ, ಅಕ್ಕಪಕ್ಕ ಅಂಟ್ಕೊಂಡ್ಬಿಡುತ್ತೆ. ಕೂದಲೆಳೆ ಅಂಥ ಇನ್ಸುಲೇಟೆಡ್ ವೈರನ್ನ ಪಾರ್ಟಿನ ಕಾಲಿಗೇ ಬೆಸೆದು (ಫ್ಯೂಸ್ ಇದ್ರೆ ಆ ಕಡೆಯ ವೈರು ಫ್ಯೂಸಿನ ಕನೆಕ್ಟರ್ ಬದಿಗೆ, ಇಲ್ಲಾಂದ್ರೆ ಫ್ಯೂಸ್ ದಾಟಿ ಹೋಗುತ್ತೆ), ಮೂಲೆಯಿಂದ ಹೊರಗೆ ತಂದು, ಕಂದು ಬಣ್ಣದ ಕ್ಯಾಪ್ಟಾನ್ ಟೇಪ್ ಸುತ್ತಿ, ಎಳೆದ್ರೆ ಕಿತ್ತು ಬರದಂಗೆ ಗ್ಲೂ ಗನ್ನಿಂದ ಒಂದು ಹನಿ ಹಾಕ್ರಿ. ಹೊರಗಡೆ ತುದಿಗೆ ಹಳೇ ಫೋನ್ ವೈರ್ ಕತ್ತರಿಸಿ ಪ್ಲಗ್ಗಿನ ನಡುವಿನ ಎರಡು ತಂತಿ ಸೇರಿಸಿ. ಒಳಗೆ ಬ್ರಿಡ್ಜ್ ಇರೋದ್ರಿಂದ ಯಾವುದು ಪ್ಲಸ್ ಯಾವುದು ಮೈನಸ್ ಅನ್ನೋ ತಕರಾರಿಲ್ಲ. ಬೆಸೆಯುವಾಗ ಮಾತ್ರ ಲೈನ್ ಕಡೆ ಬಿಚ್ಚೇ ಇರಲಿ, ಸುಮ್ನಿದ್ದಾಗ 48 ವೋಲ್ಟ್, ರಿಂಗ್ ಬಂದಾಗ ಅದಕ್ಕಿಂತ ಜಾಸ್ತಿ, ಚುರ್ ಅನ್ನುತ್ತೆ.

ಡ್ರೈವರ್ ಫ್ಲಾಪಿ ಇಲ್ಲ ಅಂತ ಅಳೋದೂ ಬೇಡ. ಆ ಕಾಲದ 16 ಬಿಟ್ ಕಾರ್ಡು ಕಂಪ್ಯೂಟರಿಗೆ ಮಾಮೂಲಿ ಕಾಮ್ ಪೋರ್ಟ್ (ಸೀರಿಯಲ್ ಪೋರ್ಟ್) ತರಾನೇ ಕಾಣೋದು, ವಿಂಡೋಸ್ 98ರಲ್ಲಿ ಸ್ಟ್ಯಾಂಡರ್ಡ್ ಮೋಡೆಮ್ ಟೈಪ್ಸ್ ಆರಿಸಿದ್ರೆ ಸಾಕು. ಹೈಪರ್‌ಟರ್ಮಿನಲ್ (ಮೋಡೆಮ್ಮಿಗೆ ನೇರ ಕಮಾಂಡ್ ಕೊಡೋ ಪ್ರೋಗ್ರಾಮು) ತೆಗೆದು ಎಟಿ ಅಂತ ಹೊಡೆದು ಎಂಟರ್, ಓಕೆ ಬಂತು ಅಂದ್ರೆ ಅರ್ಧ ಜೀವ ಬಂತು. ಆಮೇಲೆ ಡಯಲ್ ಮಾಡುವಾಗ ಕೀಚ್ ಕೀಚ್ ಸದ್ದು ಬರದಿದ್ರೆ ಗಾಬರಿ ಬೇಡ, ಆ ಸದ್ದು ಲ್ಯಾಪ್‌ಟಾಪ್ ಸ್ಪೀಕರಿಂದ ಬರೋದು, ಎಷ್ಟೋ ಮಾಡೆಲಲ್ಲಿ ಅದು ಮ್ಯೂಟ್ ಆಗಿರುತ್ತೆ.

ಟೆಸ್ಟಿಗೆ ಲೈವ್ ಲೈನ್ ಬೇಡ. ಹಳೇ ಲಾಡ್ಜು, ಜವಳಿ ಅಂಗಡಿಗಳಲ್ಲಿ ಇರ್ತಿತ್ತಲ್ಲ ಇಂಟರ್‌ಕಾಮ್ ಬಾಕ್ಸು, ಅದೊಂದು ಸಿಕ್ರೆ ಎರಡು ಎಕ್ಸ್‌ಟೆನ್ಷನಿಗೆ ಎರಡು ಮೋಡೆಮ್ ಹಾಕ್ರಿ. ಈ ಕಡೆ ಎಟಿಎಸ್0=1 ಅಂತ ಕೊಟ್ರೆ ಮೊದಲ ರಿಂಗಿಗೇ ತಾನೇ ಎತ್ತುತ್ತೆ, ಆ ಕಡೆಯಿಂದ ಎಟಿಡಿಟಿ ಹಾಕಿ ಎಕ್ಸ್‌ಟೆನ್ಷನ್ ನಂಬರ್. ನಂಗೆ "ನೋ ಡಯಲ್‌ಟೋನ್" ಅಂತ ಬಂತು, ಬೆಸುಗೆ ಬಿಟ್ಟಿತಾ ಅಂತ ಮತ್ತೆ ತಗಡು ಬಿಚ್ಚಿದೆ. ತಪ್ಪು ಬೆಸುಗೇದಲ್ಲ, ಅಮೆರಿಕಾದ ಡಯಲ್ ಟೋನ್ 350 ಮತ್ತು 440 ಹರ್ಟ್ಜ್ ಸೇರಿದ್ದು, ನಮ್ಮದು 400 ಹರ್ಟ್ಜ್ ಗುರ್ ಅನ್ನೋದು, ಅಲ್ಲಿಗೆ ಮಾಡಿದ ಕಾರ್ಡಿಗೆ ನಮ್ಮ ಟೋನ್ ಗುರುತು ಸಿಗಲ್ಲ. ಎಟಿಎಕ್ಸ್3 ಕೊಟ್ಟು ಡಯಲ್ ಮಾಡಿದ್ರೆ ಟೋನಿಗೆ ಕಾಯಲ್ಲ.

ಕನೆಕ್ಟ್ 33600 (ಸೆಕೆಂಡಿಗೆ ಅಷ್ಟು ಬಿಟ್) ಬಂದ್ರೆ ಖುಷಿ ಪಡ್ರಿ, 56ಕೆ ಅಂತ ಮೇಲೆ ಬರೆದಿದ್ರೂ ಎರಡು ಮೋಡೆಮ್ ಮಧ್ಯೆ ಅದು ಬರಲ್ಲ, ವಿ.90 ಅನ್ನೋ 56ಕೆ ಸ್ಟ್ಯಾಂಡರ್ಡಿಗೆ ಆ ಕಡೆ ಡಿಜಿಟಲ್ ಲೈನ್ ಬೇಕು. ಆಮೇಲೆ ನಾನು 08194 ಹಾಕಿ ಚಿತ್ರದುರ್ಗದ ಗೆಳೆಯನ ಲ್ಯಾಂಡ್‌ಲೈನಿಗೆ ಹೊಡೆದೆ, ನಮ್ಮಿಬ್ಬರದೂ ಈಗ ಫೈಬರ್ ಬಾಕ್ಸಿನ ಫೋನು, ಮೂರು ಸಲ ಕಟ್ ಆಯ್ತು. ಎರಡೂ ಕಡೆ 14400ಕ್ಕೆ ಇಳಿಸಿದ್ರೂ ಆಗಲಿಲ್ಲ, 9600ಕ್ಕೆ ತಂದಾಗ ಕಟ್ ಆಗದೆ ನಿಂತಿತು. ಅವನ ಮೊದಲ ಅಕ್ಷರಗಳು ಒಂದೊಂದಾಗಿ ಸ್ಕ್ರೀನಿಗೆ ಬಂದವು, "ಊಟ ಆಯ್ತೇನಪಾ".